ಜಿಗಿಯುವ ಎಳೆ ಕುದುರೆ ಮಾರುವವರಿಗೆ: ಜಮಖಂಡಿ ಕಡೆಯಿಂದ ಒಂದು ಮಾರ್ಗದರ್ಶಿ

ನಮ್ಮ ಕಡೆ ಕುದುರೆ ವ್ಯಾಪಾರ ಹೊಸದೇನಲ್ಲ. ವಿಜಯಪುರದ ಟಾಂಗಾ, ಜಮಖಂಡಿ-ರಾಯಬಾಗ ಕಡೆಯ ಗಾಡಿ ಶರ್ಯತ್ತು, ಮದುವೆ ಮೆರವಣಿಗೆ, ಇವಕ್ಕೆಲ್ಲ ಕುದುರೆ ಕೊಡುವುದು ಕೊಳ್ಳುವುದು ನಡೆದೇ ಇದೆ. ದಲಾಲರು ಬರುತ್ತಾರೆ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಸುಳಿ ಎಣಿಸುತ್ತಾರೆ, ಟವೆಲ್ ಮರೆಯಲ್ಲಿ ಬೆರಳು ಹಿಡಿದು ರೇಟು ಕಟ್ಟುತ್ತಾರೆ. ಅರ್ಧ ತಾಸಿನಲ್ಲಿ ವ್ಯವಹಾರ ಮುಗಿದಿರುತ್ತದೆ.

ಆದರೆ ನಿಮ್ಮ ಲಾಯದಲ್ಲಿ ನಾಲ್ಕು ವರ್ಷದ ಕುದುರೆ ಒಂದಿದೆ ಅನ್ನಿ. ಜೀನು ಹಾಕಿಸಿಕೊಳ್ಳುತ್ತದೆ, ಸವಾರನನ್ನು ಹೊತ್ತು ನಡೆಯುತ್ತದೆ, ಸ್ವಲ್ಪ ಓಡುತ್ತದೆ, ಅಷ್ಟೇ ಕಲಿತಿದೆ. ಆದರೆ ಅಡ್ಡ ಇಟ್ಟ ಗಳ ಕಂಡರೆ ಕಿವಿ ನಿಮಿರಿಸಿ ತಾನೇ ಹೋಗಿ ಜಿಗಿಯುತ್ತದೆ. ಇಂಥದ್ದನ್ನು ಶೋ ಜಂಪಿಂಗ್, ಅಂದರೆ ಗಳ ಬೀಳಿಸದೆ ಕುದುರೆ ಜಿಗಿಸುವ ಸ್ಪರ್ಧೆ, ಮಾಡುವವರಿಗೆ ಮಾರಬೇಕಾದರೆ ಟವೆಲ್ ವ್ಯಾಪಾರ ನಡೆಯುವುದಿಲ್ಲ. ಕೊಳ್ಳುವವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಅವರು ಮೊದಲು ನೋಡುವುದು ಮೊಬೈಲಿನಲ್ಲಿ ನಿಮ್ಮ ವಿಡಿಯೋ.

ಜಮಖಂಡಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕುದುರೆ ಇವೆ. ಕೆಂಚ ಅಂತ ಒಂದು ಗಂಡು ನಮ್ಮಲ್ಲೇ ಹುಟ್ಟಿ ಬೆಳೆದದ್ದು. ಅದನ್ನು ಜಿಗಿತಕ್ಕೆ ಅಂತ ಮಾರಿದೆ. ಮೊದಲ ಸಲ ಮಾರಲು ಹೋದಾಗ ನನ್ನ ತಪ್ಪಿನಿಂದಲೇ ವ್ಯವಹಾರ ಕೆಟ್ಟಿತು, ಕುದುರೆಗೂ ನೋವಾಯಿತು. ಎರಡನೇ ಸಲ ಸರಿಯಾಯಿತು. ಆಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಎಳೆ ಕುದುರೆಯ ಕಸುವನ್ನು ತೋರಿಸಬೇಕು, ತೋರಿಸುತ್ತಾ ತೋರಿಸುತ್ತಾ ಅದನ್ನು ಮುಗಿಸಿಬಿಡಬಾರದು. ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಮೊದಲು ನಿಮ್ಮ ಕುದುರೆಯನ್ನು ನೀವೇ ಪರೀಕ್ಷೆ ಮಾಡಿ

ವಯಸ್ಸಿನಿಂದ ಶುರು ಮಾಡಿ. ಹುಟ್ಟಿದ ತಾರೀಖು ಬರೆದಿಟ್ಟಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಲ್ಲು ಹೇಳುತ್ತದೆ. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬದಲಾಗುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತದೆ. ಸ್ಪರ್ಧೆಯ ಲೆಕ್ಕದಲ್ಲಿ ನಮ್ಮ ದೇಶದ ಕುದುರೆಗಳ ವಯಸ್ಸು ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಅದಕ್ಕೇ ಬರೀ 'ನಾಲ್ಕು ವರ್ಷ' ಅನ್ನಬೇಡಿ, ಹುಟ್ಟಿದ ತಿಂಗಳು ಮತ್ತು ಇಸವಿ ಹೇಳಿ.

ಎತ್ತರ ಅಳೆಯುವಾಗ ನಮ್ಮವರು ಇಂಚಿನಲ್ಲಿ ಹೇಳುತ್ತಾರೆ. ಜಂಪಿಂಗ್ ಮಾಡುವವರು ಹ್ಯಾಂಡ್ಸ್ ಅಥವಾ ಸೆಂಟಿಮೀಟರ್ ಕೇಳುತ್ತಾರೆ. ನಾಲ್ಕು ಇಂಚಿಗೆ ಒಂದು ಹ್ಯಾಂಡ್. 64 ಇಂಚು ಅಂದರೆ 16 ಹ್ಯಾಂಡ್ಸ್, ಸುಮಾರು 162 ಸೆಂಟಿಮೀಟರ್. ಸಮ ನೆಲದ ಮೇಲೆ ನಿಲ್ಲಿಸಿ, ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿನ ಎತ್ತರದ ಮೂಳೆಯ ತನಕ ಅಳೆಯಿರಿ. ಲಾಳ ಇದೆಯೋ ಇಲ್ಲವೋ ಅನ್ನುವುದನ್ನೂ ಬರೆಯಿರಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಲಾಳ ಇಲ್ಲದೆ 148 ಸೆಂಟಿಮೀಟರ್ ಒಳಗಿದ್ದರೆ ಅದು ಪೋನಿ. ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಕೊಳ್ಳುವವರೇ ಬೇರೆಯಾಗುತ್ತಾರೆ.

ತಳಿ ಗೊತ್ತಿದ್ದಷ್ಟೇ ಹೇಳಿ. ರೇಸಿನಿಂದ ಬಂದ ಥರೋಬ್ರೆಡ್ ಆದರೆ ಆ ತಳಿಯ ವಂಶಾವಳಿ ದಾಖಲಿಸುವ ಪುಣೆಯ ಸ್ಟಡ್ ಬುಕ್ ಅಥಾರಿಟಿಯ ಪಾಸ್‌ಪೋರ್ಟ್ ಇರಬೇಕು. ಮಾರವಾಡಿ ಆದರೆ ಒಳಗೆ ಬಾಗಿದ ಕಿವಿಯೇ ಹೇಳುತ್ತದೆ. ಭೀಮಾ ತೀರದ ಭೀಮಥಡಿ ಕುದುರೆಗೂ ಈಗ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಇಂಡಿ, ಚಡಚಣ ಕಡೆಯವರು ಹೆಮ್ಮೆಪಡುವ ವಿಷಯ ಅದು. ಆದರೆ ಅದು ಗಿಡ್ಡ, ಗಟ್ಟಿ ಕುದುರೆ. ದೊಡ್ಡ ಎತ್ತರದ ಜಂಪಿಂಗಿಗೆ ಅಂತ ಅದನ್ನು ಮಾರುವುದು ಸರಿಯಲ್ಲ. ಮಿಶ್ರ ತಳಿ ಇದ್ದರೆ ಮಿಶ್ರ ಅಂತಲೇ ಹೇಳಿ. ನಮ್ಮ ಕೆಂಚನ ತಾಯಿ ರೇಸ್ ಬಿಟ್ಟ ಥರೋಬ್ರೆಡ್, ಅಪ್ಪ ಮಿಶ್ರ ತಳಿಯದು. ಹಾಗೇ ಹೇಳಿದೆ, ಅದರಿಂದ ಯಾರೂ ಓಡಿಹೋಗಲಿಲ್ಲ.

ಆಮೇಲೆ ಚಟಗಳು. ಗಾಳಿ ನುಂಗುತ್ತದಾ? ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗಾಡುತ್ತದಾ? ಕಚ್ಚುತ್ತದಾ? ಲಾಳ ಹೊಡೆಯುವಾಗ ಹಿಂಗಾಲು ಎತ್ತಲು ಬಿಡುತ್ತದಾ? ಒಂದು ಹಾಳೆಯಲ್ಲಿ ಬರೆಯಿರಿ. ಮುಚ್ಚಿಟ್ಟದ್ದು ಹೊಸ ಲಾಯಕ್ಕೆ ಹೋದ ವಾರದಲ್ಲೇ ಗೊತ್ತಾಗುತ್ತದೆ, ಆಮೇಲೆ ಫೋನ್ ಬರುವುದು ನಿಮಗೇ.

ಇನ್ನು ಸುಳಿ. ನಮ್ಮ ಕಡೆ ಸುಳಿ ಸರಿ ಇಲ್ಲ ಅಂತ ಒಳ್ಳೆ ಕುದುರೆಯ ರೇಟು ಅರ್ಧಕ್ಕೆ ಇಳಿಸಿದ್ದನ್ನು ನೋಡಿದ್ದೇನೆ. ಜಿಗಿತದವರು ಸುಳಿಯಲ್ಲಿ ಶಕುನ ನೋಡುವುದಿಲ್ಲ. ಆದರೆ ಅವರಿಗೂ ಸುಳಿ ಬೇಕು. ಕುದುರೆ ಪಾಸ್‌ಪೋರ್ಟಿನ ಚಿತ್ರದಲ್ಲಿ ಪ್ರತಿ ಸುಳಿಯ ಜಾಗಕ್ಕೂ ಗುಣಾಕಾರದ ಗುರುತು ಹಾಕುತ್ತಾರೆ. ಮನುಷ್ಯರಿಗೆ ಬೆರಳಚ್ಚು ಇದ್ದಹಾಗೆ ಅದು. ಹಣೆ, ಕತ್ತು, ಎದೆಯ ಸುಳಿಗಳ ಫೋಟೋ ಹತ್ತಿರದಿಂದ ತೆಗೆದಿಡಿ. ನಮ್ಮ ಅಜ್ಜ ಸುಳಿ ನೋಡಲು ಕಲಿಸಿದ್ದು ನನಗೆ ಹೀಗೆ ಉಪಯೋಗಕ್ಕೆ ಬಂತು.

ಯಾರಿಗೆ ಮಾರಬೇಕು ಅಂತ ಈಗಲೇ ತೀರ್ಮಾನ ಮಾಡಿ

ಸೋಲಾಪುರ ಜಿಲ್ಲೆಯ ಅಕಲೂಜದ ಕುದುರೆ ಬಜಾರು ನಮಗೆ ಹತ್ತಿರ. ಖಾನದೇಶದ ಸಾರಂಗಖೇಡಾ ಜಾತ್ರೆಯೂ ದೊಡ್ಡದು. ಆದರೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಣ್ಣ, ಕಿವಿ, ಕುಣಿತ, ಚಾಲು ನೋಡುವವರು. ಜಿಗಿತದ ಕುದುರೆಗೆ ಅಲ್ಲಿ ತಕ್ಕ ಬೆಲೆ ಸಿಗುವುದು ಕಷ್ಟ. ಇನ್ನೊಂದು ಮಾತು ಮನಸಾರೆ ಹೇಳುತ್ತೇನೆ: ನಾಲ್ಕು ವರ್ಷದ ಕುದುರೆಯನ್ನು ಡಾಂಬರಿನ ಮೇಲೆ ಓಡಿಸುವ ಶರ್ಯತ್ತಿಗೆ ಕೊಡಬೇಡಿ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದೂವರೆ ವರ್ಷದ ತನಕ ಬೇಕು. ಎಳೆ ಕಾಲು ಗಟ್ಟಿ ರಸ್ತೆಯ ಹೊಡೆತ ತಿಂದರೆ ಆಮೇಲೆ ಯಾವ ಔಷಧಿಯಿಂದಲೂ ಮೊದಲಿನ ಹಾಗೆ ಆಗುವುದಿಲ್ಲ.

ಹುಡುಕಬೇಕಾದವರು ಮೂರು ತರಹದವರು. ಒಬ್ಬರು ಎಳೆ ಕುದುರೆ ತಂದು ತಯಾರು ಮಾಡಿ ಸ್ಪರ್ಧೆಗೆ ಇಳಿಸುವ ಅನುಭವಸ್ಥ ಸವಾರರು. ಇನ್ನೊಬ್ಬರು ಈವೆಂಟಿಂಗ್ ಮಾಡುವವರು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದದ್ದು ಇದರಲ್ಲೇ. ಡ್ರೆಸಾಜ್ (ಸವಾರನ ಸೂಚನೆಯಂತೆ ಕುದುರೆ ಹಿಡಿತದಲ್ಲಿ ನಡೆದು ತೋರಿಸುವುದು), ಬಯಲಿನ ಓಟ-ಜಿಗಿತ, ಶೋ ಜಂಪಿಂಗ್ ಮೂರೂ ಇರುವ ಆಟ ಅದು. ಅವರಿಗೆ ಬರೀ ಎತ್ತರ ಸಾಲದು, ಕುದುರೆಗೆ ಧೈರ್ಯ, ದಮ್ಮು ಬೇಕು. ಮೂರನೆಯವರು ರೈಡಿಂಗ್ ಸ್ಕೂಲಿನವರು. ಅವರಿಗೆ ಬೇಕಾದದ್ದು ತಣ್ಣಗಿನ ಸ್ವಭಾವ.

ಮಗನಿಗೆ ಅಥವಾ ಮಗಳಿಗೆ ಮೊದಲ ಕುದುರೆ ಬೇಕು ಅಂತ ಬರುವ ತಂದೆ-ತಾಯಿಗೆ ನಾನು ಇಲ್ಲ ಅಂದುಬಿಡುತ್ತೇನೆ. ಕಲಿಯದ ಕುದುರೆ, ಕಲಿಯದ ಸವಾರ, ಇಬ್ಬರೂ ಸೇರಿದರೆ ಒಬ್ಬರಿಗೆ ಪೆಟ್ಟಾಗುವುದು ಖಂಡಿತ. ಒಳ್ಳೆಯ ಕೋಚ್ ಜೊತೆಯಲ್ಲಿದ್ದು, ಅವರೇ ಮುಂದೆ ತಯಾರು ಮಾಡುತ್ತೇವೆ ಅಂದರೆ ಮಾತ್ರ ಮಾತು ಮುಂದುವರಿಸಿ.

ಕಾಗದ ಮತ್ತು ರಕ್ತಪರೀಕ್ಷೆ ಬೇಗ ಶುರು ಮಾಡಿ

ಗಿರಾಕಿ ಬಂದ ಮೇಲೆ ಕಾಗದ ಹುಡುಕುವುದು ಬೇಡ. ಧನುರ್ವಾಯು ಚುಚ್ಚುಮದ್ದು, ಇನ್‌ಫ್ಲುಯೆಂಜಾ ಚುಚ್ಚುಮದ್ದು, ಜಂತುನಾಶಕ ಕೊಟ್ಟ ತಾರೀಖು, ಎಲ್ಲವೂ ಒಂದು ಪುಸ್ತಕದಲ್ಲಿ ಡಾಕ್ಟರ ಸಹಿಯ ಜೊತೆ ಇರಲಿ. ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರ್ ಬರೆದಿಡಿ. ರಾಷ್ಟ್ರ ಮಟ್ಟದ ಸ್ಪರ್ಧೆಗೆ ಇಳಿಯಲು ಇಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾದಲ್ಲಿ ಕುದುರೆಯ ನೋಂದಣಿ ಬೇಕು. ನೀವು ಮಾಡಿಸಿರಲೇಬೇಕು ಅಂತೇನಿಲ್ಲ, ಆದರೆ ಮಾಡಿಸಿಲ್ಲ ಅನ್ನುವುದನ್ನು ಮೊದಲೇ ಹೇಳಿ.

ಗ್ಲ್ಯಾಂಡರ್ಸ್ ಪರೀಕ್ಷೆ ಮರೆಯಬೇಡಿ. ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ ಅದು. ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಎಲ್ಲಾದರೂ ಕಾಣಿಸಿಕೊಂಡರೆ ಆ ಭಾಗದಿಂದ ಕುದುರೆ ಸಾಗಿಸಲು ತಡೆ ಬೀಳುತ್ತದೆ. ತಾಲೂಕು ಪಶು ಆಸ್ಪತ್ರೆಯ ಡಾಕ್ಟರನ್ನು ಕಂಡು ರಕ್ತದ ಸ್ಯಾಂಪಲ್ ಕಳಿಸಿ. ಈ ರೋಗಪತ್ತೆಗೆ ದೇಶದ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ಅಶ್ವ ಸಂಶೋಧನಾ ಕೇಂದ್ರ. ವರದಿ ಬರಲು ದಿನ ಹಿಡಿಯುತ್ತದೆ, ಅದಕ್ಕೇ ಬೇಗ ಅಂದದ್ದು. ಸರ್ರಾ ರೋಗದ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಅದು ನೊಣ ಕಚ್ಚಿ ಬರುವಂಥದ್ದು, ದನ-ಎಮ್ಮೆ ಇರುವ ನಮ್ಮ ಹಟ್ಟಿಗಳಲ್ಲಿ ಕುದುರೆಗೂ ತಗಲುತ್ತದೆ.

ಆರು ವಾರದ ತಯಾರಿ

ಜಿಗಿತ ಕಲಿಸುವುದಕ್ಕಿಂತ ನಡತೆ ಕಲಿಸುವುದಕ್ಕೆ ಜಾಸ್ತಿ ಸಮಯ ಕೊಡಿ. ಕೊಳ್ಳುವವರು ಬಂದಾಗ ಮೊದಲ ಹತ್ತು ನಿಮಿಷ ನೋಡುವುದು ಅದನ್ನೇ. ಕಟ್ಟಿದಲ್ಲಿ ಸುಮ್ನೆ ನಿಲ್ಲಬೇಕು. ನಾಲ್ಕೂ ಕಾಲು ಎತ್ತಿ ಕೊಡಬೇಕು. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರಬಾರದು. ಹತ್ತುವ ತನಕ ಅಲುಗಾಡದೆ ನಿಲ್ಲಬೇಕು. ಲಾರಿಗೆ ಹತ್ತಬೇಕು. ಈ ಕೊನೆಯದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ, ಹೋಗುವ ದಿನ ಹೊಡೆದು ಬಡಿದು ಹತ್ತಿಸುತ್ತಾರೆ. ಪಕ್ಕದ ಮನೆಯವರ ಟೆಂಪೋ ನಿಲ್ಲಿಸಿಕೊಂಡು, ಹಲಗೆ ಇಟ್ಟು, ಒಳಗೆ ಹುರಳಿ ಬುಟ್ಟಿ ಇಟ್ಟು, ದಿನಾ ಹತ್ತಿಸಿ ಇಳಿಸಿ. ಕೆಂಚ ಒಂಬತ್ತನೇ ದಿನಕ್ಕೆ ತಾನೇ ಹತ್ತಿತು.

ನೆಲದ ಬಗ್ಗೆ ಎಚ್ಚರ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಗೊರಸಿಗೆ ಅಂಟುತ್ತದೆ. ಎರಡರಲ್ಲೂ ಕಾಲು ಉಳುಕುತ್ತದೆ. ಮಸಾರಿ ನೆಲ ಹುಡುಕಿ, ಕಲ್ಲು ಆರಿಸಿ, ಮೇಲೆ ಮರಳು ಹರಡಿ. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಸಿ.

ಮೇವು ಸುಮ್ನೆ ಏರಿಸಬೇಡಿ. ಮಾರುವ ಮುಂಚೆ ಮೈ ತುಂಬಲಿ ಅಂತ ಹುರಳಿ, ಗೋಧಿ ಜಾಸ್ತಿ ಹಾಕುತ್ತಾರೆ. ಕುದುರೆ ಉಬ್ಬುತ್ತದೆ, ಬಿಸಿಯಾಗುತ್ತದೆ, ಸವಾರನ ಮಾತು ಕೇಳುವುದಿಲ್ಲ. ಹೊಟ್ಟೆನೋವೂ ಬರಬಹುದು. ಜಿಗಿತದವರಿಗೆ ಬೊಜ್ಜು ಬೇಡ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಅಷ್ಟು ಸಾಕು.

ಸವಾರನಿಲ್ಲದ ಜಿಗಿತ: ಇಲ್ಲಿ ನಾನು ತಪ್ಪಿದ್ದು

ಎಳೆ ಕುದುರೆಯ ಸಾಮರ್ಥ್ಯ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೆನ್ನ ಮೇಲೆ ಭಾರ ಇರುವುದಿಲ್ಲ. ಕುದುರೆ ತನ್ನ ಬುದ್ಧಿಯಿಂದಲೇ ದೂರ ಅಳೆಯುತ್ತದೆ, ತಾನೇ ಜಿಗಿಯುತ್ತದೆ.

ಗೋಡೆ ಅಥವಾ ಗಟ್ಟಿ ಬೇಲಿಯ ಪಕ್ಕ ಓಣಿಯ ಹಾಗೆ ದಾರಿ ಮಾಡಿ. ಮೊದಲು ನೆಲದ ಮೇಲೆ ಒಂದು ಗಳ. ಅದರಿಂದ ಎರಡೂವರೆ ಮೀಟರಿಗೆ ಗುಣಾಕಾರದ ಗುರುತಿನ ಹಾಗೆ ಎರಡು ಗಳ, ನಡುವೆ ಬರೀ 40 ಸೆಂಟಿಮೀಟರ್ ಎತ್ತರ. ಅಲ್ಲಿಂದ ಆರೂವರೆ-ಏಳು ಮೀಟರಿಗೆ ಕೊನೆಯ ಜಿಗಿತ. ನಡುವೆ ಕುದುರೆ ಒಂದೇ ನೆಗೆತ ಹಾಕಿ ಏಳಬೇಕು. ಕುದುರೆ ಸಣ್ಣದಿದ್ದರೆ ದೂರ ಸ್ವಲ್ಪ ಕಡಿಮೆ ಮಾಡಿ. ಗಳಗಳನ್ನು ಕಂಬಕ್ಕೆ ಬಿಗಿಯಬೇಡಿ, ತಾಗಿದರೆ ಬೀಳುವಂತಿರಲಿ. ಮುಂಗಾಲಿಗೆ ರಕ್ಷಣೆಯ ಪಟ್ಟಿ ಕಟ್ಟಿ.

ಕೊನೆಯ ಜಿಗಿತ 60 ಸೆಂಟಿಮೀಟರಿನಿಂದ ಶುರು ಮಾಡಿ. ಆಮೇಲೆ 80. ಸಲೀಸಾಗಿ ಹೋದರೆ ಹಿಂದೆ ಇನ್ನೊಂದು ಗಳ ಇಟ್ಟು ಅಗಲ ಮಾಡಿ, 90 ಅಥವಾ ಹೆಚ್ಚೆಂದರೆ ಒಂದು ಮೀಟರ್. ಒಟ್ಟು ಆರೇಳು ಸಲ ಓಡಿಸಿ, ಕೊನೆಯದು ಚೆನ್ನಾಗಿ ಆದ ತಕ್ಷಣ ನಿಲ್ಲಿಸಿ, ಕತ್ತು ತಟ್ಟಿ, ಲಾಯಕ್ಕೆ ಕರೆದೊಯ್ಯಿರಿ. ವಾರಕ್ಕೆ ಒಂದು ದಿನ ಸಾಕು.

ನೋಡಬೇಕಾದದ್ದು ಎತ್ತರ ಮಾತ್ರ ಅಲ್ಲ. ಮುಂಗಾಲು ಎರಡೂ ಒಟ್ಟಿಗೆ ಮಡಚಿ ಮೊಣಕಾಲು ಮೇಲೆ ಬರುತ್ತದಾ? ಗಳದ ಮೇಲೆ ಬೆನ್ನು ಕಮಾನಾಗಿ ಏಳುತ್ತದಾ? ಕತ್ತು ಮುಂದಕ್ಕೆ ಕೆಳಕ್ಕೆ ಚಾಚುತ್ತದಾ? ಹಿಂಗಾಲು ಹೊಟ್ಟೆಯ ಕೆಳಗೇ ಸಿಕ್ಕಿಕೊಳ್ಳದೆ ಹಿಂದಕ್ಕೆ ಬಿಡಿಸಿಕೊಳ್ಳುತ್ತದಾ? ಎಲ್ಲಕ್ಕಿಂತ ಮುಖ್ಯ: ಒಂದು ಸಲ ಗಳ ತಾಗಿದರೆ ಮುಂದಿನ ಸಲ ಏನು ಮಾಡುತ್ತದೆ? ಹೆದರಿ ನಿಲ್ಲುತ್ತದಾ, ಹಾಗೇ ಮತ್ತೆ ತಾಗಿಸುತ್ತದಾ, ಅಥವಾ ಎರಡು ಬೆರಳು ಜಾಸ್ತಿ ಮೇಲೆ ಏಳುತ್ತದಾ? ಆ ಮೂರನೆಯದು ಮಾಡುವ ಕುದುರೆ ಸಿಕ್ಕುವುದು ಅಪರೂಪ. ಕೆಂಚ ಅದನ್ನು ಮಾಡಿದ ದಿನ ನನ್ನ ಮೈ ಜುಮ್ಮೆಂದಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಮೊದಲ ಸಲ ಬಂದ ಗಿರಾಕಿಗಳು ಇಬ್ಬರು. ಕೆಂಚ 80 ಸೆಂಟಿಮೀಟರ್ ಸಲೀಸಾಗಿ ದಾಟಿದಾಗ ಅವರಲ್ಲಿ ಒಬ್ಬರು, "ಇಷ್ಟ ಎತ್ತರ ಆಡೂ ಜಿಗೀತೈತ್ರಿ, ಇನ್ನೊಂಚೂರ ಏರಿಸ್ರಿ" ಅಂದರು. ಏರಿಸಿದೆ. ಮತ್ತೆ ಏರಿಸಿ ಅಂದರು. ಅಪ್ಪ ಲಾಯದ ಬಾಗಿಲಲ್ಲಿ ನಿಂತು, "ಸಾಕ್ ಬಿಡಪಾ, ಮಗಾ ಅದು" ಅಂದರು. ನಾನು ಕೇಳಲಿಲ್ಲ. ವ್ಯಾಪಾರ ಕುದುರುತ್ತಿದೆ ಅನ್ನುವ ಆಸೆ. ಒಂದು ಮೀಟರ್ 20ಕ್ಕೆ ಇಟ್ಟೆ. ಹನ್ನೊಂದನೇ ಸಲವೋ ಹನ್ನೆರಡನೇ ಸಲವೋ ಕೆಂಚ ದಣಿದು, ಹತ್ತಿರ ಬಂದು ಎದ್ದು, ಹಿಂಗಾಲು ಗಳಕ್ಕೆ ಬಡಿಯಿತು. ಗಳ ಕಾಲ ಸಂದಿಯಲ್ಲಿ ಸಿಕ್ಕಿ ಕುದುರೆ ಮುಗ್ಗರಿಸಿತು. ಮೂಳೆ ಮುರಿಯಲಿಲ್ಲ, ಆದರೆ ಹಿಂಗಾಲಿನ ಗಂಟು ಬಾತಿತು. ಬಂದವರು 'ಆಮೇಲೆ ಫೋನ್ ಮಾಡ್ತೀವಿ' ಅಂತ ಹೋದರು.

ಬಾವು ಹತ್ತು ದಿನಕ್ಕೆ ಇಳಿಯಿತು. ಹೆದರಿಕೆ ಎರಡು ತಿಂಗಳು ಇಳಿಯಲಿಲ್ಲ. ತಾನೇ ಓಡಿ ಹೋಗಿ ಜಿಗಿಯುತ್ತಿದ್ದ ಕುದುರೆ ನೆಲದ ಮೇಲೆ ಮಲಗಿಸಿದ ಗಳ ಕಂಡರೂ ಮೂಗು ಅರಳಿಸಿ ಹಿಂದೆ ಸರಿಯುತ್ತಿತ್ತು. ಮತ್ತೆ ಗಳದ ಮೇಲೆ ನಡೆಸುವುದರಿಂದ ಶುರು ಮಾಡಬೇಕಾಯಿತು. ಅದಕ್ಕೇ ಹೇಳುತ್ತೇನೆ: ಎಷ್ಟು ಎತ್ತರ, ಎಷ್ಟು ಸಲ ಅನ್ನುವುದನ್ನು ಗಿರಾಕಿ ಬರುವ ಮೊದಲೇ ನೀವು ತೀರ್ಮಾನ ಮಾಡಿ, ಫೋನಿನಲ್ಲೇ ತಿಳಿಸಿಬಿಡಿ. ತಿಳಿದ ಸವಾರರು ಅದನ್ನು ಕೇಳಿ ಖುಷಿಪಡುತ್ತಾರೆ.

ವಿಡಿಯೋ

ಮೊಬೈಲ್ ಅಡ್ಡ ಹಿಡಿಯಿರಿ. ಹಾಡು ಹಾಕಬೇಡಿ, ಗೊರಸಿನ ಸದ್ದು ಕೇಳಬೇಕು. ಕುಂಟುವ ಕುದುರೆಯ ಸದ್ದಿನಲ್ಲೇ ತಾಳ ತಪ್ಪುತ್ತದೆ, ಅದನ್ನು ಕೇಳುವ ಕಿವಿ ಅವರಿಗಿರುತ್ತದೆ.

ಮೊದಲು ಸಮ ನೆಲದಲ್ಲಿ ನಿಲ್ಲಿಸಿ ಎಡ, ಬಲ, ಮುಂದೆ, ಹಿಂದೆ. ಆಮೇಲೆ ಕೈಯಲ್ಲಿ ಹಿಡಿದು ಕ್ಯಾಮೆರಾದಿಂದ ದೂರ ನಡೆಸಿ, ವಾಪಸ್ ಕ್ಯಾಮೆರಾ ಕಡೆ ನಡೆಸಿ. ಇದನ್ನೇ ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ. ಆಮೇಲೆ ಉದ್ದ ಹಗ್ಗದಲ್ಲಿ ಎರಡೂ ಕಡೆಗೆ ಸುತ್ತು. ಆಮೇಲೆ ಸವಾರನ ಜೊತೆ ನಡಿಗೆ, ಟ್ರಾಟ್, ಕ್ಯಾಂಟರ್ (ಟ್ರಾಟ್‌ಗಿಂತ ಜೋರಿನ ನೆಗೆತದ ಓಟ). ಕೊನೆಗೆ ಸವಾರನಿಲ್ಲದ ಜಿಗಿತ, ಮೂರು ಸಲ. ಜಿಗಿತವನ್ನು ಗಳದ ಪಕ್ಕದಿಂದ, ಕುದುರೆಯ ಎದೆಯ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆಯಿರಿ. ಕೆಳಗೆ ಕೂತು ತೆಗೆದರೆ 80 ಸೆಂಟಿಮೀಟರ್ ಕೂಡ ಒಂದೂವರೆ ಮೀಟರ್ ಕಂಡಹಾಗೆ ಕಾಣುತ್ತದೆ. ಬಲ್ಲವರು ಅದನ್ನು ತಕ್ಷಣ ಹಿಡಿಯುತ್ತಾರೆ, ಮಿಕ್ಕಿದ್ದನ್ನೂ ನಂಬುವುದಿಲ್ಲ. ಗಳ ಬೀಳಿಸಿದ ಒಂದು ಜಿಗಿತ ಇದ್ದರೆ ಕತ್ತರಿಸಬೇಡಿ. ಅದರ ಮುಂದಿನ ಜಿಗಿತವನ್ನೂ ಜೊತೆಗೇ ಹಾಕಿ. ಎಲ್ಲ ಸೇರಿ ನಾಲ್ಕು ನಿಮಿಷದೊಳಗಿರಲಿ.

ಬರಹ

ವಿಡಿಯೋ ಜೊತೆಗೆ ಕಳಿಸುವ ಬರಹದಲ್ಲಿ ಬಣ್ಣ ಕಟ್ಟಬೇಡಿ. 'ಮುಂದಿನ ಒಲಿಂಪಿಕ್ ಕುದುರೆ' ಅಂತ ಬರೆದರೆ ಯಾರೂ ಫೋನ್ ಮಾಡುವುದಿಲ್ಲ. ನಾನು ಬರೆದದ್ದು ಹೆಚ್ಚೂಕಡಿಮೆ ಹೀಗಿತ್ತು:

"ಬೀಜ ಒಡೆಸಿದ ಗಂಡು, ಕೆಂಪು ಬಣ್ಣ, ಹಣೆಯಲ್ಲಿ ಚುಕ್ಕೆ. ಫೆಬ್ರವರಿಯಲ್ಲಿ ನಾಲ್ಕು ತುಂಬಿದೆ. ಲಾಳ ಇಲ್ಲದೆ 161 ಸೆಂ.ಮೀ. ತಾಯಿ ಥರೋಬ್ರೆಡ್, ತಂದೆ ಮಿಶ್ರ ತಳಿ, ಕಾಗದ ಇಲ್ಲ. ಸವಾರಿ ಶುರುವಾಗಿ ಐದು ತಿಂಗಳು. ನಡಿಗೆ, ಟ್ರಾಟ್, ಕ್ಯಾಂಟರ್ ಗೊತ್ತು. ಬಲಗಡೆ ಕ್ಯಾಂಟರ್ ಇನ್ನೂ ಬಿಗಿ. ಸವಾರನ ಜೊತೆ 60 ಸೆಂ.ಮೀ., ಸವಾರನಿಲ್ಲದೆ 1 ಮೀ. ಸ್ಪರ್ಧೆಗೆ ಹೋಗಿಲ್ಲ. ಹಿಂಗಾಲಿಗೆ ಒಮ್ಮೆ ಪೆಟ್ಟಾಗಿತ್ತು, ವಾಸಿಯಾಗಿದೆ, ಡಾಕ್ಟರ ಚೀಟಿ ಇದೆ. ಟ್ರ್ಯಾಕ್ಟರ್, ನಾಯಿಗೆ ಹೆದರುವುದಿಲ್ಲ, ಪಟಾಕಿಗೆ ಹೆದರುತ್ತದೆ. ಅನುಭವಸ್ಥ ಸವಾರರಿಗೆ ಮಾತ್ರ."

ಇದಕ್ಕೆ ಬಂದ ಫೋನ್ ಕಡಿಮೆ. ಆದರೆ ಬಂದವರೆಲ್ಲ ಕೆಲಸದವರು. ಈ ಬರಹವನ್ನು ಇಂಗ್ಲಿಷ್ ಮತ್ತು ಮರಾಠಿಯಲ್ಲೂ ಬರೆಸಿಡಿ, ನಮ್ಮ ಗಿರಾಕಿ ಅರ್ಧ ಮಹಾರಾಷ್ಟ್ರದವರೇ ಅಲ್ವಾ. ರೈಡಿಂಗ್ ಕ್ಲಬ್ಬುಗಳ, ಕೋಚ್‌ಗಳ ವಾಟ್ಸಾಪ್ ಗುಂಪಿಗೆ ಪರಿಚಯದವರ ಮೂಲಕ ಕಳಿಸಿ. ದಲಾಲರ ಮೂಲಕ ಹೋದರೆ ಅವರ ಕಮಿಷನ್ ಎಷ್ಟು, ಯಾರು ಕೊಡಬೇಕು ಅನ್ನುವುದು ಮೊದಲೇ ಗೊತ್ತಾಗಿರಲಿ.

ಬೆಲೆ

ಮನಸ್ಸಿನಲ್ಲಿ ಎರಡು ಬೆಲೆ ಇರಲಿ: ಹೇಳುವುದು ಒಂದು, ಅದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ಇನ್ನೊಂದು. ಮೇವು, ಆಳು, ಲಾಳ, ಔಷಧಿ ಸೇರಿ ತಿಂಗಳಿಗೆ 15 ಸಾವಿರ ಖರ್ಚು ಅನ್ನೋಣ. ಇನ್ನೂ ನಾಲ್ಕು ತಿಂಗಳು ಕಾದರೆ 60 ಸಾವಿರ. ಆ ನಾಲ್ಕು ತಿಂಗಳಲ್ಲಿ ಕುದುರೆ ಏನಾದರೂ ಹೊಸದು ಕಲಿತು ಬೆಲೆ ಏರುತ್ತದಾ, ಬರೀ ತಿಂದು ನಿಲ್ಲುತ್ತದಾ? ತಯಾರು ಮಾಡುವ ಒಳ್ಳೆ ಸವಾರ ನಿಮ್ಮಲ್ಲಿದ್ದರೆ ಕಾಯಿರಿ. ಇಲ್ಲದಿದ್ದರೆ ಸ್ವಲ್ಪ ಕಡಿಮೆಗೆ ಈಗಲೇ ಕೊಡುವುದು ಲಾಭ. ಸ್ಪರ್ಧೆಯಲ್ಲಿ ಗೆದ್ದ ಕುದುರೆಯ ಬೆಲೆ ಕೇಳಿ ನಿಮ್ಮದಕ್ಕೂ ಅಷ್ಟೇ ಹೇಳಬೇಡಿ. ಅಲ್ಲಿಗೆ ಮುಟ್ಟಿಸುವ ಮೂರು-ನಾಲ್ಕು ವರ್ಷದ ಶ್ರಮ, ಖರ್ಚು, ಅಪಾಯ ಎಲ್ಲ ಕೊಳ್ಳುವವರದ್ದು.

ಸವಾರಿ ಮಾಡಿ ನೋಡಲು ಬಂದಾಗ

ಅವರು ಬರುವ ಮುಂಚೆ ಕುದುರೆಯನ್ನು ಓಡಿಸಿ ದಣಿಸಬೇಡಿ. ಲಾಯದಲ್ಲೇ ಇರಲಿ, ಅವರ ಕಣ್ಣೆದುರೇ ಹಿಡಿದು ತನ್ನಿ. ಮೊದಲು ನಿಮ್ಮ ಸವಾರ ಹತ್ತಬೇಕು. ಆಮೇಲೆ ಅವರು. ಹೆಲ್ಮೆಟ್ ಇಲ್ಲದವರನ್ನು ಹತ್ತಿಸಲೇಬೇಡಿ, ಎಷ್ಟೇ ದೊಡ್ಡ ಸವಾರರಾಗಿರಲಿ. ಸವಾರನ ಜೊತೆ ಜಿಗಿತ 60 ಸೆಂಟಿಮೀಟರ್, ನಾಲ್ಕೈದು ಸಲ. 'ಇನ್ನೊಂಚೂರ ಏರಿಸ್ರಿ' ಅಂದರೆ ನಗುತ್ತಾ ಹೀಗೆ ಹೇಳಿ: "ಇದು ನಿಮ್ಮ ಮನಿಗೆ ಬಂದ ಮ್ಯಾಲ ನೀವ ಏರಿಸ್ರಿ ಸರ್, ನಿಧಾನಕ."

ಎರಡನೇ ಸಲ ಕೆಂಚನನ್ನು ನೋಡಲು ಬಂದವರು ಪುಣೆ ಕಡೆಯ ಒಬ್ಬ ಮಹಿಳಾ ಸವಾರರು. ಅವರು ಅರ್ಧ ತಾಸು ಕುದುರೆ ಹತ್ತಲೇ ಇಲ್ಲ. ಲಾಯದಲ್ಲಿ ಅದರ ಪಕ್ಕ ನಿಂತು ಕಿವಿ ಹಿಂದೆ ಕೆರೆದರು, ಕಾಲು ಸವರಿದರು, ನಮ್ಮ ಲಾಳದ ಕಾಕಾನ ಹತ್ತಿರ ಗೊರಸಿನ ಬಗ್ಗೆ ಕೇಳಿದರು. ಹತ್ತಿದ ಮೇಲೆ ಮೂರೇ ಸಲ ಜಿಗಿಸಿ ಇಳಿದರು. "ಬಸ್, ತಿಳೀತು" ಅಂದರು. ಅವರಿಗೇ ಕೊಡಬೇಕು ಅಂತ ಆಗಲೇ ಅನಿಸಿತು.

ಡಾಕ್ಟರ ಪರೀಕ್ಷೆ

ಕೊಳ್ಳುವವರು ತಮ್ಮ ಪಶುವೈದ್ಯರನ್ನು ಕರೆತರುತ್ತಾರೆ. ಖರ್ಚು ಅವರದ್ದು, ಡಾಕ್ಟರೂ ಅವರದ್ದೇ ಆಗಿರಬೇಕು. ಎದೆಬಡಿತ, ಉಸಿರು, ಕಣ್ಣು, ಹಲ್ಲು ನೋಡುತ್ತಾರೆ. ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರ ಒಳಗಿರುತ್ತದೆ. ಆಮೇಲೆ ಒಂದೊಂದೇ ಕಾಲನ್ನು ಒಂದು ನಿಮಿಷದಷ್ಟು ಹೊತ್ತು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸುತ್ತಾರೆ. ಒಳಗೆ ಕೀಲುನೋವಿದ್ದರೆ ಆಗ ಕುಂಟು ಕಾಣುತ್ತದೆ. ದೊಡ್ಡ ಬೆಲೆಯಾದರೆ ಗೊರಸು ಮತ್ತು ಕೀಲುಗಳ ಎಕ್ಸ್-ರೇ ಕೂಡ ತೆಗೆಸುತ್ತಾರೆ.

ನೋವಿನ ಮದ್ದು, ಮತ್ತಿನ ಮದ್ದು ಕೊಟ್ಟು ನಿಲ್ಲಿಸುವ ಯೋಚನೆಯೇ ಬೇಡ. ರಕ್ತ ತೆಗೆದಿಟ್ಟರೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಅದು ಆ ಮೂಕ ಪ್ರಾಣಿಗೆ ಮಾಡುವ ಮೋಸ. ಹಳೆಯ ಪೆಟ್ಟಿನ ಚೀಟಿಗಳನ್ನು ನೀವೇ ಮುಂದೆ ಇಡಿ. ಕೆಂಚನ ಹಿಂಗಾಲಿನ ಚೀಟಿ ನೋಡಿ ಡಾಕ್ಟರು ಆ ಗಂಟನ್ನೇ ಹೆಚ್ಚು ಪರೀಕ್ಷೆ ಮಾಡಿದರು. ಏನೂ ಸಿಗಲಿಲ್ಲ. ಆಮೇಲೆ ಮಾತು ಸಲೀಸಾಯಿತು.

ಕರಾರು, ಹಣ

ಸಂಚಕಾರ ತೆಗೆದುಕೊಂಡರೆ ರಸೀದಿ ಕೊಡಿ. ಪರೀಕ್ಷೆಯಲ್ಲಿ ಕುದುರೆ ಫೇಲಾದರೆ ಸಂಚಕಾರ ವಾಪಸ್ ಕೊಡುತ್ತೀರೋ ಇಲ್ಲವೋ ಅನ್ನುವುದು ಅದರಲ್ಲೇ ಇರಲಿ. ನಾನು ವಾಪಸ್ ಕೊಡುತ್ತೇನೆ ಅಂತ ಬರೆದಿದ್ದೆ. ಪೂರ್ತಿ ಹಣ ಬ್ಯಾಂಕ್ ಮೂಲಕವೇ ಬರಲಿ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನಿನ ತಡೆ ಇದೆ.

ಕರಾರು ಪತ್ರದಲ್ಲಿ ಕುದುರೆಯ ಬಣ್ಣ, ಗುರುತು, ಸುಳಿ, ಚಿಪ್ ನಂಬರ್, ಬೆಲೆ, ನೀವು ಹೇಳಿದ ದೋಷಗಳು, ಕೊಟ್ಟ ಕಾಗದಗಳ ಪಟ್ಟಿ ಇರಲಿ. ಯಾವ ತಾಸಿನಿಂದ ಕುದುರೆ ಅವರದ್ದು ಅನ್ನುವುದೂ ಇರಲಿ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಬೇರೆ ಮಾತಾಗಿಲ್ಲದಿದ್ದರೆ ಮಾಲಕತ್ವ ಯಾರದ್ದೋ ನಷ್ಟವೂ ಅವರದ್ದೇ. ದಾರಿಯಲ್ಲಿ ಕುದುರೆಗೆ ಹೊಟ್ಟೆನೋವು ಬಂದರೆ ಯಾರು ಹೊಣೆ ಅನ್ನುವ ಜಗಳ ಇಲ್ಲಿಯೇ ತಪ್ಪುತ್ತದೆ. 'ಒಂದು ತಿಂಗಳು ಇಟ್ಟು ನೋಡ್ತೀವಿ' ಅಂದರೆ ಪೂರ್ತಿ ಹಣ ಬಾರದೆ ಕಳಿಸಬೇಡಿ. ಆ ತಿಂಗಳಲ್ಲಿ ಯಾರು ಸವಾರಿ ಮಾಡುತ್ತಾರೆ, ಎಷ್ಟು ಎತ್ತರ ಜಿಗಿಸುತ್ತಾರೆ ಎಂಬುದೂ ಬರವಣಿಗೆಯಲ್ಲಿರಲಿ.

ಕಳಿಸುವ ದಿನ

ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಪ್ರಮಾಣಪತ್ರ ಬೇಕೇ ಬೇಕು. 1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಕುದುರೆಗೆ ಬೇರೆ ಅಧ್ಯಾಯವೇ ಇದೆ. ಎದುರು ಬರುವ ಗಾಡಿಗಳಿಗೆ ಬೆದರದಿರಲಿ ಅಂತ ಕುದುರೆಯ ಮುಖ ಎಡಗಡೆ ಇರಬೇಕು, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು ಅಂತ ಅದರಲ್ಲಿದೆ. ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿಲೋಮೀಟರ್, ಅಂದರೆ ಹತ್ತು ತಾಸಿನ ದಾರಿ. ಸಂಜೆ ತಂಪಿನಲ್ಲಿ ಹೊರಡಿಸಿ. ನೆಲಕ್ಕೆ ದಪ್ಪ ಹುಲ್ಲು, ಮರಳು ಹಾಕಿಸಿ. ಮೂರು-ನಾಲ್ಕು ತಾಸಿಗೊಮ್ಮೆ ನಿಲ್ಲಿಸಿ ನೀರು ಕುಡಿಸಲು ಕುದುರೆಗೆ ಪರಿಚಯವಿರುವ ಒಬ್ಬರು ಜೊತೆಗೆ ಹೋಗಲಿ.

ನಿಮ್ಮ ಮೇವು ಹತ್ತು ದಿನಕ್ಕಾಗುವಷ್ಟು ಕಟ್ಟಿ ಕಳಿಸಿ. ಹೊಸ ಮೇವನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಬೇಕು, ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಒಂದು ಹಾಳೆಯಲ್ಲಿ ದಿನಚರಿ ಬರೆದುಕೊಡಿ: ಎಷ್ಟು ಗಂಟೆಗೆ ನೀರು, ಹುರಳಿ ಎಷ್ಟು ನೆನೆಸುತ್ತೀರಿ, ಯಾವ ಕಡೆಯಿಂದ ಹತ್ತಿರ ಹೋದರೆ ಬೆದರುವುದಿಲ್ಲ, ಯಾವ ಹೆಸರಿಗೆ ಕಿವಿ ತಿರುಗಿಸುತ್ತದೆ.

ಅಪ್ಪ ಕೆಂಚನ ಹಳೆಯ ಹಗ್ಗವನ್ನೇ ಕತ್ತಿಗೆ ಹಾಕಿ ಕಳಿಸಿದರು, ವಾಸನೆ ಗೊತ್ತಿರಲಿ ಅಂತ. ಜೋಳದ ಕಣಿಕೆ ಕತ್ತರಿಸಿ ಎರಡು ಚೀಲ, ಹುರಳಿ ಒಂದು ಚೀಲ ಟೆಂಪೋದಲ್ಲಿಟ್ಟೆವು. ಕುದುರೆ ಹಲಗೆ ಹತ್ತಿ ತಾನೇ ಒಳಗೆ ಹೋಗಿ ಬುಟ್ಟಿಗೆ ಬಾಯಿ ಹಾಕಿತು. ನಾಲ್ಕನೇ ದಿನ ಅವರು ಒಂದು ವಿಡಿಯೋ ಕಳಿಸಿದರು. ಮರಳಿನ ಅಂಗಳ, ನೆಲದ ಮೇಲೆ ಒಂದೇ ಒಂದು ಗಳ, ಕೆಂಚ ಅದರ ಮೇಲೆ ಕಿವಿ ನಿಮಿರಿಸಿ ನಡೆದು ದಾಟುತ್ತಿತ್ತು.